ಸೀಟು ಸಿಕ್ಕಿದ್ದು ಎಲ್ಲಮ್ಮನ ಕೃಪೆಯೋ, ಮಗಳ ಓದೋ?

ಪ್ರಶ್ನೆ: ನಮ್ಮ ಮೂಲ ಊರು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಹದಿನೆಂಟು ವರ್ಷದಿಂದ ಬೆಂಗಳೂರಿನಲ್ಲಿದ್ದೇವೆ. ಮಗಳಿಗೆ ಈ ವರ್ಷ ನೀಟ್ ಪರೀಕ್ಷೆಯಲ್ಲಿ ಒಳ್ಳೆಯ ರ್‍ಯಾಂಕ್ ಬಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಸೀಟು ಸಿಕ್ಕರೆ ಮೊಮ್ಮಗಳಿಂದ ಎಣ್ಣೆಹೊಂಡದಿಂದ ಗುಡಿ ತನಕ ದೀಡ ನಮಸ್ಕಾರ ಹಾಕಿಸುತ್ತೇನೆ, ಪಡ್ಡಲಗಿ ತುಂಬಿಸುತ್ತೇನೆ ಅಂತ ನಮ್ಮ ಅತ್ತೆಯವರು ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದರಂತೆ. ಆಗ ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದ್ದಾರೆ. ಮಗಳು ಒಪ್ಪುತ್ತಿಲ್ಲ. ‘ಎರಡು ವರ್ಷ ನಿದ್ದಿಗೆಟ್ಟು ಓದಿದಾಕಿ ನಾನು, ಹೆಸರು ಮಾತ್ರ ಎಲ್ಲಮ್ಮಂದಾ?’ ಅನ್ನುತ್ತಾಳೆ. ಅತ್ತೆಯವರು ಎರಡು ದಿನದಿಂದ ಊಟ ಬಿಟ್ಟಿದ್ದಾರೆ. ಇದೇ ವರ್ಷ ನಾದಿನಿಯ ಮಗನೂ ಪರೀಕ್ಷೆ ಬರೆದಿದ್ದ. ಅವನ ಸಲುವಾಗಿಯೂ ಅತ್ತೆಯವರೇ ಹರಕೆ ಹೊತ್ತಿದ್ದರು. ಅವನಿಗೆ ಸಿಗಲಿಲ್ಲ. ಹರಕೆ ತೀರಿಸದಿದ್ದರೆ ದೋಷ ಬರುತ್ತದೆಯೇ? ಯಶಸ್ಸಿನ ಹಿರಿಮೆಯನ್ನು ದೇವರಿಗೇ ಕೊಡಬೇಕೆ? ನಾನು ಯಾರ ಕಡೆ ನಿಲ್ಲಲಿ?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ಮೊದಲು ಮಗಳಿಗೆ ನನ್ನ ಆಶೀರ್ವಾದ ತಿಳಿಸಿರಿ. ನಾದಿನಿಯ ಮಗನಿಗೂ ತಿಳಿಸಿರಿ. ಅವನಿಗೆ ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಗಂಟುಗಳಿವೆ. ಹರಕೆಯದು ಒಂದು, ಹಿರಿಮೆ ಯಾರದು ಅನ್ನುವುದು ಇನ್ನೊಂದು, ಸೀಟು ಸಿಗದ ಹುಡುಗನದು ಮೂರನೆಯದು. ಮೂರನ್ನೂ ಒಟ್ಟಿಗೇ ಎಳೆದಿದ್ದರಿಂದ ಮನೆಯಲ್ಲಿ ಜಗ್ಗಾಟ ಶುರುವಾಗಿದೆ. ಒಂದೊಂದಾಗಿ ಬಿಚ್ಚೋಣ.

ಮೊದಲು ಹರಕೆ. ಹರಕೆ ಅಂದರೆ ದೇವರ ಮುಂದೆ ಕೊಟ್ಟ ಮಾತು. ಕೊಟ್ಟ ಮಾತು ತೀರಿಸಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ತೀರಿಸಬೇಕಾದವರು ಯಾರು? ಪೂಜೆಗೆ ಕೂತಾಗ ಸಂಕಲ್ಪ ಮಾಡಿಸುತ್ತೇವಲ್ಲ, ಆಗ ಊರು, ತಿಥಿ, ನಕ್ಷತ್ರ ಹೇಳಿ ಆಮೇಲೆ ಗೋತ್ರ, ಹೆಸರು ಹೇಳಿಸುತ್ತೇವೆ. ಯಾರ ಹೆಸರು ಬಂತೋ ಅವರು ಕರ್ತೃ. ನೀರು ಬಿಡುವ ಕೈ ಅವರದು, ಖರ್ಚು ಅವರದು, ಶ್ರಮ ಅವರದು. ಸಣ್ಣ ಮಕ್ಕಳ ಜಾವಳ, ಉಪನಯನಗಳನ್ನು ತಂದೆತಾಯಿ ಸಂಕಲ್ಪ ಮಾಡಿ ನಡೆಸುತ್ತಾರೆ, ನಿಜ. ಅದು ಆ ಕೂಸಿಗೆ ಆಗಬೇಕಾದ ಸಂಸ್ಕಾರ. ಹರಕೆ ಹಾಗಲ್ಲ, ಅದು ಕಾಮ್ಯ. ನನಗೆ ಇದು ಬೇಕು, ಅದಕ್ಕೆ ನಾನು ಇದನ್ನು ಕೊಡುತ್ತೇನೆ ಅನ್ನುವುದು. ಕೊಡುವ ವಸ್ತು ನನ್ನದೇ ಆಗಿರಬೇಕು. ನನ್ನ ಅಕ್ಕಿ, ನನ್ನ ಬೆಲ್ಲ, ನನ್ನ ಮೈ. ಇನ್ನೊಬ್ಬರ ಮೈಯನ್ನು ಅವರನ್ನು ಕೇಳದೆ ದೇವರಿಗೆ ಬರೆದುಕೊಡಲು ಬರುವುದಿಲ್ಲ.

ಈ ಮಾತನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಅದೇ ಏಳುಕೊಳ್ಳದ ಗುಡ್ಡಕ್ಕೆ ಒಂದು ಕಹಿ ಇತಿಹಾಸವೂ ಇದೆ. ಹಿರಿಯರು ಹೊತ್ತ ಹರಕೆಗೆ ಏನೂ ಅರಿಯದ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿ ಬಿಟ್ಟ ಕಾಲ ಒಂದಿತ್ತು. 1982ರಲ್ಲಿ ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧಿಸಿ ಕಾನೂನು ಬಂತು. ನಿಮ್ಮ ಅತ್ತೆಯವರ ನಮಸ್ಕಾರದ ಹರಕೆಯನ್ನು ಅದರ ಜೊತೆ ತೂಗುತ್ತಿಲ್ಲ, ತಪ್ಪು ತಿಳಿಯಬೇಡಿರಿ. ಅಜ್ಜಿಯ ಮನಸ್ಸಿನಲ್ಲಿ ಇದ್ದದ್ದು ಪ್ರೀತಿ ಒಂದೇ. ಆದರೆ ಸೂತ್ರ ಎರಡಕ್ಕೂ ಒಂದೇ. ಹೊತ್ತವರೊಬ್ಬರು, ತೀರಿಸುವವರೊಬ್ಬರು ಅಂತ ಆದಾಗ ಹರಕೆ ದಾರಿ ತಪ್ಪುತ್ತದೆ.

ಹಾಗಾದರೆ ಅತ್ತೆಯವರು ಏನು ಮಾಡಬೇಕು? ಪಡ್ಡಲಗಿ ತುಂಬಿಸುವ ಮಾತು ಅವರದೇ. ಅದನ್ನು ಅವರೇ ಸಂತೋಷದಿಂದ ತೀರಿಸಲಿ. ದೀಡ ನಮಸ್ಕಾರವನ್ನೂ ಅವರೇ ಹಾಕಬೇಕು, ಆದರೆ ಆ ವಯಸ್ಸಿಗೆ ಮೊಣಕಾಲು ಕೇಳಲಿಕ್ಕಿಲ್ಲ. ಧರ್ಮಶಾಸ್ತ್ರದಲ್ಲಿ ಇದಕ್ಕೆ ದಾರಿ ಇದೆ. ಕಾಮ್ಯಕರ್ಮಕ್ಕೆ ಪ್ರತಿನಿಧಿ ಇಲ್ಲ ಅನ್ನುವುದು ಸಾಮಾನ್ಯ ನಿಯಮ. ಆದರೆ ಒಮ್ಮೆ ಸಂಕಲ್ಪಿಸಿ ತೊಡಗಿದ ಮೇಲೆ ಕರ್ತೃವಿನಿಂದ ಆಗದಿದ್ದರೆ ಪ್ರತಿನಿಧಿಯಿಂದ ಮಾಡಿಸಬಹುದು ಅಂತ ಕೆಲವು ನಿಬಂಧಕಾರರು ಒಪ್ಪುತ್ತಾರೆ. ತಾಯಿಗೆ ಮಗನಿಗಿಂತ ಹತ್ತಿರದ ಪ್ರತಿನಿಧಿ ಯಾರು? ನಿಮ್ಮ ಯಜಮಾನರು ತಾಯಿಯ ಪರವಾಗಿ ಹಾಕಲಿ. ಅವರಿಗೂ ಆಗದಿದ್ದರೆ ಅತ್ತೆಯವರು ಗುಡಿಯ ಮುಂದೆ ನಿಂತು ಐದು ನಮಸ್ಕಾರ ಮಾಡಿ, ಶಕ್ತಿ ಇಷ್ಟೇ ತಾಯಿ ಅಂತ ಕೇಳಿಕೊಳ್ಳಲಿ. ಮೊಮ್ಮಗಳಿಗೆ ಯಾವ ದೋಷವೂ ಇಲ್ಲ. ತನ್ನ ಮಾತೇ ಅಲ್ಲದ ಮಾತಿಗೆ ದೋಷ ತಗಲುವುದಾದರೂ ಹೇಗೆ?

ಊಟ ಬಿಟ್ಟ ವಿಷಯವಾಗಿ ಅತ್ತೆಯವರಿಗೆ ನನ್ನ ಒಂದು ವಿನಂತಿ ಮುಟ್ಟಿಸಿರಿ. ಉಪವಾಸ ಅಂದರೆ ದೇವರ ಸಮೀಪ ವಾಸ ಮಾಡುವುದು. ಮೊಮ್ಮಗಳ ಮೇಲಿನ ಸಿಟ್ಟಿಗೆ ತಾಟು ದೂಡುವುದು ಉಪವಾಸವಲ್ಲ. ‘ಅವ್ವಾರ, ಉಣ್ಣ್ರಿ, ಹರಕಿ ನಾವು ತೀರಿಸ್ತೀವಿ’ ಅಂತ ನೀವೇ ತಾಟು ಮುಂದೆ ಇಡಿರಿ.

ಇನ್ನು ಎರಡನೆಯ ಗಂಟು. ಹಿರಿಮೆ ಯಾರದು?

ಮಗಳ ಮಾತಿನಲ್ಲಿ ಒರಟುತನ ಇದೆ, ಆದರೆ ಸುಳ್ಳಿಲ್ಲ. ಓದಿದವಳು ಅವಳೇ. ಮನುಷ್ಯ ಏನೂ ಮಾಡುವುದಿಲ್ಲ, ಎಲ್ಲಾ ಮೇಲಿನವ ಮಾಡಿಸುತ್ತಾನೆ ಅಂತ ಕೈ ಕಟ್ಟಿ ಕೂಡಲು ನಮ್ಮ ಶಾಸ್ತ್ರ ಎಲ್ಲೂ ಹೇಳಿಲ್ಲ. ಯಾಜ್ಞವಲ್ಕ್ಯ ಸ್ಮೃತಿ ದೈವ, ಪುರುಷಪ್ರಯತ್ನ ಎರಡನ್ನೂ ರಥದ ಗಾಲಿಗಳಿಗೆ ಹೋಲಿಸುತ್ತದೆ. ಒಂದೇ ಗಾಲಿಯಿಂದ ರಥ ಓಡುವುದಿಲ್ಲ, ಹಾಗೆ ಪ್ರಯತ್ನವಿಲ್ಲದೆ ದೈವ ಫಲಿಸುವುದಿಲ್ಲ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೇ ಕೆಲಸ ಕೈಗೂಡಲು ಐದು ಕಾರಣ ಹೇಳಿದೆ: ಅಧಿಷ್ಠಾನ, ಕರ್ತೃ, ಕರಣ, ನಾನಾ ಬಗೆಯ ಚೇಷ್ಟೆ, ಐದನೆಯದು ದೈವ. ನಿಮ್ಮ ಮಗಳಿಗೆ ಹೊಂದಿಸಿ ನೋಡಿರಿ. ಅಧಿಷ್ಠಾನ ಅಂದರೆ ಅವಳ ಶರೀರ, ಪರೀಕ್ಷೆಯ ದಿನ ಜ್ವರ ಬಾರದೆ ನಿಂತ ಶರೀರ. ಕರ್ತೃ ಅವಳು. ಕರಣ ಅಂದರೆ ಕಣ್ಣು, ಕಿವಿ, ನೆನಪು, ಬುದ್ಧಿ. ಚೇಷ್ಟೆ ಅಂದರೆ ಎರಡು ವರ್ಷದ ದುಡಿತ. ಇವುಗಳ ಜೊತೆಗೆ ದೈವ. ಐದರಲ್ಲಿ ಐದೂ ದೈವವೇ ಅಂತ ಅಲ್ಲಿ ಹೇಳಿಲ್ಲ. ಹಾಗೆಯೇ ಮುಂದೆ, ಕೇವಲ ತಾನೊಬ್ಬನೇ ಕರ್ತೃ ಅಂತ ನೋಡುವವನಿಗೆ ಸರಿಯಾಗಿ ಕಾಣುತ್ತಿಲ್ಲ ಅಂತಲೂ ಹೇಳಿದೆ. ಅಂದರೆ ಅಜ್ಜಿಯ ಲೆಕ್ಕದಲ್ಲಿ ನಾಲ್ಕು ಬಿಟ್ಟುಹೋಗಿವೆ, ಮೊಮ್ಮಗಳ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ.

ನಮ್ಮ ಆಚಾರ್ಯರು ಜೀವನ ಕರ್ತೃತ್ವದ ಬಗ್ಗೆ ಬೇರೆ ಬೇರೆ ಹೇಳಿದ್ದಾರೆ. ಜೀವನಿಗೆ ಕರ್ತೃತ್ವ ಇದೆ, ಆದರೆ ಅದು ಭಗವಂತನ ಅಧೀನ ಅನ್ನುತ್ತಾರೆ ಮಧ್ವಾಚಾರ್ಯರು. ಜೀವ ಮಾಡುವ ಪ್ರಯತ್ನಕ್ಕೆ ಒಳಗಿರುವ ಪರಮಾತ್ಮ ಅನುಮತಿ ಕೊಟ್ಟು ನಡೆಸುತ್ತಾನೆ ಅನ್ನುತ್ತಾರೆ ರಾಮಾನುಜರು. ಕರ್ತೃತ್ವವೇ ಆತ್ಮಕ್ಕೆ ಅಂಟಿಸಿಕೊಂಡದ್ದು ಅನ್ನುತ್ತಾರೆ ಶಂಕರರು. ಮೂವರ ಪರಂಪರೆಯ ಪಾಠಶಾಲೆಗಳಲ್ಲೂ ಹುಡುಗರನ್ನು ಬೆಳಗಿನ ಜಾವ ಎಬ್ಬಿಸಿ ಸಂಥೆ ಹೇಳಿಸುವುದು ಮಾತ್ರ ತಪ್ಪಿಲ್ಲ ನೋಡ್ರಿ! ದೇವರು ಮಾಡಿಸುತ್ತಾನೆ ಅಂದ ಯಾವ ಗುರುವೂ ಪಾಠ ಬಿಟ್ಟು ಮಲಗಿಕೋ ಅಂತ ಶಿಷ್ಯನಿಗೆ ಹೇಳಲಿಲ್ಲ.

ಇಲ್ಲಿ ಯಜ್ಞದ ಒಂದು ಸೂಕ್ಷ್ಮ ಹೇಳಬೇಕು. ನಿಮ್ಮ ಪ್ರಶ್ನೆಗೆ ಮುಖ್ಯ ಉತ್ತರ ಇದೇ. ಹೋಮದಲ್ಲಿ ಒಂದೊಂದು ಆಹುತಿ ಬಿದ್ದಾಗಲೂ ಯಜಮಾನ ‘ನ ಮಮ’ ಅನ್ನುತ್ತಾನೆ, ಇದು ನನ್ನದಲ್ಲ ಅಂತ. ಮೀಮಾಂಸಕರು ಯಾಗಕ್ಕೆ ಕೊಡುವ ಲಕ್ಷಣವೂ ಇದೇ: ದೇವತೆಯನ್ನು ಉದ್ದೇಶಿಸಿ ತನ್ನ ದ್ರವ್ಯದ ಮೇಲಿನ ಸ್ವತ್ವವನ್ನು ಬಿಡುವುದು. ಗಮನಿಸಿರಿ, ನನ್ನದಲ್ಲ ಅನ್ನಬೇಕಾದರೆ ಅದಕ್ಕಿಂತ ಒಂದು ಕ್ಷಣ ಮೊದಲು ಅದು ನನ್ನದಾಗಿರಬೇಕು. ಪಕ್ಕದ ಮನೆಯ ತುಪ್ಪ ತಂದು ಸುರಿದು ನನ್ನದಲ್ಲ ಅಂದರೆ ಅದು ಯಾಗವಲ್ಲ. ನನ್ನದಲ್ಲ ಅನ್ನುವುದು ಮೊದಲೇ ನಿಜವಾಗಿತ್ತು, ಬಿಡಲು ಏನಿತ್ತು?

ಮಗಳ ಓದು ಅವಳ ದ್ರವ್ಯ. ‘ಹೌದವ್ವ, ನೀನೇ ಓದೀ, ನಿಂದೇ ಅದು’ ಅಂತ ಮನೆಯವರು ಮೊದಲು ಒಪ್ಪಬೇಕು. ಒಪ್ಪಿದ ಮೇಲೆ ಎಂದಾದರೂ ಒಂದು ದಿನ ಅವಳೇ ಅದನ್ನು ದೇವರ ಪಾದಕ್ಕೆ ಇಟ್ಟಾಳು. ಇಟ್ಟರೆ ಅದು ಅರ್ಪಣೆ. ಅವಳ ಕೈಯಿಂದ ಕಿತ್ತುಕೊಂಡು ಅಜ್ಜಿ ದೇವರಿಗೆ ಕೊಟ್ಟರೆ ಅದು ಅರ್ಪಣೆಯಾಗುವುದಿಲ್ಲ. ದೇವರಿಗೂ ಮುಟ್ಟುವುದಿಲ್ಲ, ಹುಡುಗಿಗೂ ಉಳಿಯುವುದಿಲ್ಲ.

ಎಲ್ಲಮ್ಮನ ಕಥೆಯನ್ನೇ ನೆನಪು ಮಾಡಿಕೊಳ್ಳಿರಿ. ರೇಣುಕಾದೇವಿ ಮಲಪ್ರಭೆಯ ದಂಡೆಯಲ್ಲಿ ಮರಳಿನ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿಕೊಂಡು, ಜಮದಗ್ನಿಯ ಪೂಜೆಗೆ ದಿನವೂ ನೀರು ತರುತ್ತಿದ್ದಳು ಅಂತ ಕೇಳಿದ್ದೇವೆ. ಮರಳು ಹೊಳೆಯದು, ನೀರು ಹೊಳೆಯದು. ಕೊಡ ಒಡೆಯದಂತೆ ಹಿಡಿದ ಏಕಾಗ್ರತೆ ಮಾತ್ರ ಅವಳದು. ಹೊಳೆ ಇಲ್ಲದಿದ್ದರೆ ಏಕಾಗ್ರತೆ ಬರಿಗೈ, ಏಕಾಗ್ರತೆ ಇಲ್ಲದಿದ್ದರೆ ಮರಳು ಬರೀ ಮರಳು. ಆ ತಾಯಿಗೆ ಓದುವ ಹುಡುಗಿಯ ಏಕಾಗ್ರತೆಯ ಬೆಲೆ ಗೊತ್ತಿರುತ್ತದೆ. ಅದನ್ನು ಕಸಿದುಕೊಳ್ಳುವ ಆಸೆ ಅವಳಿಗಿಲ್ಲ.

ಹಾಗಂತ ಎಲ್ಲಾ ನಾನೇ ಅನ್ನುವುದು ಸರಿಯೇ? ಕೇನೋಪನಿಷತ್ತಿನಲ್ಲಿ ಒಂದು ಕಥೆ ಇದೆ. ದೇವತೆಗಳು ಗೆದ್ದರು. ಗೆದ್ದ ಮೇಲೆ ಈ ಜಯ ನಮ್ಮದೇ, ಈ ಮಹಿಮೆ ನಮ್ಮದೇ ಅಂದುಕೊಂಡರು. ಬ್ರಹ್ಮವೇ ಯಕ್ಷರೂಪದಲ್ಲಿ ಎದುರು ನಿಂತಿತು. ಅಗ್ನಿಯ ಮುಂದೆ ಒಂದು ಹುಲ್ಲುಕಡ್ಡಿ ಇಟ್ಟು ಸುಡು ಅಂದಿತು, ಸುಡಲಾಗಲಿಲ್ಲ. ವಾಯುವಿಗೆ ಹಾರಿಸು ಅಂದಿತು, ಅಲುಗಲಿಲ್ಲ. ಇಂದ್ರ ಬಂದಾಗ ಯಕ್ಷ ಮರೆಯಾಯಿತು, ಉಮಾದೇವಿ ಕಾಣಿಸಿಕೊಂಡು ಆ ಜಯ ಬ್ರಹ್ಮದ್ದು ಅಂತ ತಿಳಿಸಿದಳು. ಇಲ್ಲಿ ಅಗ್ನಿಗೆ ಸುಡುವ ಶಕ್ತಿ ಇಲ್ಲ ಅಂತ ಉಪನಿಷತ್ತು ಹೇಳುತ್ತಿಲ್ಲ. ಸುಡುತ್ತಾನೆ, ಆದರೆ ಆ ಶಕ್ತಿ ಅವನೇ ತಯಾರು ಮಾಡಿಕೊಂಡದ್ದಲ್ಲ. ಓದಿದ್ದು ಮಗಳು. ಓದಬಲ್ಲ ಬುದ್ಧಿಯನ್ನು ಅವಳು ಪೇಟೆಯಿಂದ ತಂದದ್ದಲ್ಲ. ಇಷ್ಟು ನೆನಪಿದ್ದರೆ ಸಾಕು.

ಈಗ ಅದರ ಮಗ್ಗುಲು ಮಾತು. ದೇವರಿಗೆ ಹಿರಿಮೆ ಕೊಡುವುದರಲ್ಲೂ ಅಹಂಕಾರ ಅಡಗಿ ಕೂಡಬಹುದು. ‘ದೇವರು ನನ್ನ ಕೈ ಬಿಡಲಿಲ್ಲ’ ಅನ್ನುವ ಮಾತಿನ ಬೆನ್ನಿಗೆ ‘ನಾನು ದೇವರಿಗೆ ಬೇಕಾದವ, ನೀನಲ್ಲ’ ಅನ್ನುವ ಧ್ವನಿ ಇದ್ದರೆ? ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. ಕ್ರೈಸ್ತ ಬಂಧುಗಳಲ್ಲಿ ಒಳಿತಾದಾಗ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವ ಪದ್ಧತಿ ಇದೆ, ಎಲ್ಲ ಮಹಿಮೆ ದೇವರಿಗೆ ಅನ್ನುತ್ತಾರೆ. ಜರ್ಮನಿಯ ದೊಡ್ಡ ಸಂಗೀತಗಾರ ಬಾಖ್ ತನ್ನ ಎಷ್ಟೋ ರಚನೆಗಳ ಕೊನೆಯಲ್ಲಿ ಮಹಿಮೆ ದೇವರೊಬ್ಬನಿಗೇ ಅನ್ನುವ ಅರ್ಥದ ಮೂರು ಅಕ್ಷರ ಬರೆಯುತ್ತಿದ್ದ, ನಾವು ಪೂಜೆಯ ಕೊನೆಗೆ ಕೃಷ್ಣಾರ್ಪಣ ಬಿಟ್ಟಂತೆ. ಅದೇ ಅವರ ಗ್ರಂಥದಲ್ಲಿ, ಲೂಕನ ಸುವಾರ್ತೆಯಲ್ಲಿ, ಒಂದು ಎಚ್ಚರಿಕೆಯ ಕಥೆಯೂ ಇದೆ. ಇಬ್ಬರು ಗುಡಿಗೆ ಹೋಗುತ್ತಾರೆ. ಒಬ್ಬ ಆಚಾರವಂತ, ಇನ್ನೊಬ್ಬ ಜನ ಹಳಿಯುವ ಸುಂಕದವ. ಆಚಾರವಂತ ದೇವರಿಗೆ ಕೃತಜ್ಞತೆಯನ್ನೇ ಹೇಳುತ್ತಾನೆ, ಏನಂತ? ತಾನು ಉಳಿದವರ ಹಾಗೆ, ಆ ಸುಂಕದವನ ಹಾಗೆ ಇಲ್ಲದ್ದಕ್ಕೆ! ಸುಂಕದವ ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ದೇವರು ಮೆಚ್ಚಿದ್ದು ಎರಡನೆಯವನನ್ನು. ಬಾಯಲ್ಲಿ ದೇವರ ಹೆಸರಿದ್ದ ಮಾತ್ರಕ್ಕೆ ಅಹಂಕಾರ ಹೋಯಿತು ಅಂತ ಅಲ್ಲ.

ಇನ್ನೊಂದು ಮೋಸವೂ ಇದೆ, ಅದು ನಮ್ಮ ಪಟ್ಟಣದ ಮನೆಗಳಲ್ಲಿ ಹೆಚ್ಚು. ದೇವರಿಗೆ ಹಿರಿಮೆ ಕೊಟ್ಟುಬಿಟ್ಟರೆ ಮನುಷ್ಯರಿಗೆ ಕೊಡಬೇಕಾದ್ದು ಉಳಿಯುತ್ತದಲ್ಲ! ಮಂಗಳವಾರ ಗುಡಿಗೆ ಬೆಳ್ಳಿ ಕಾಣಿಕೆ, ಮಗುವಿಗೆ ಐದನೆಯ ಕ್ಲಾಸಿನಲ್ಲಿ ಗಣಿತ ತಿದ್ದಿದ ಟೀಚರಿಗೆ ಒಂದು ಫೋನ್ ಕೂಡ ಇಲ್ಲ. ನಿಮ್ಮೂರ ಕಡೆ ಒಕ್ಕಲುತನದಲ್ಲಿ ಇದು ಹೀಗಿರಲಿಲ್ಲ. ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುತ್ತಿದ್ದರು. ಸುಗ್ಗಿಯಲ್ಲಿ ಕಣದಾಗ ರಾಶಿ ಪೂಜೆ ಮಾಡುತ್ತಿದ್ದರು. ಪೂಜೆ ಮುಗಿಯಿತು ಅಂತ ಚೀಲ ಹೊತ್ತು ಮನೆಗೆ ನಡೆಯುತ್ತಿರಲಿಲ್ಲ. ಕೂರಿಗಿ ಮಾಡಿಕೊಟ್ಟ ಬಡಿಗೇರ, ಕುಡ ಬಡಿದ ಕಂಬಾರ, ಗಡಿಗೆ ಕೊಟ್ಟ ಕುಂಬಾರ ಎಲ್ಲರೂ ಕಣಕ್ಕೆ ಬರುತ್ತಿದ್ದರು. ಅವರವರ ಆಯ ಅಳೆದು ಕೊಟ್ಟ ಮೇಲೆ ಉಳಿದದ್ದು ಮನೆಗೆ. ದೇವರ ಪಾಲು ಕೊಟ್ಟೆ, ಇನ್ನು ಕಂಬಾರನಿಗ್ಯಾಕೆ ಅಂತ ಯಾವ ರೈತನೂ ಅನ್ನಲಿಲ್ಲ.

ನಿಮ್ಮ ಮಗಳ ರಾಶಿಗೂ ಆಯಗಾರರಿದ್ದಾರೆ. ರಾತ್ರಿ ಅವಳ ಜೊತೆ ಎಚ್ಚರ ಇದ್ದ ನೀವು, ಫೀ ಕಟ್ಟಿದ ಯಜಮಾನರು, ಕಲಿಸಿದವರು, ನೋಟ್ಸ್ ಕೊಟ್ಟ ಗೆಳತಿಯರು, ನೀವು ಮಗಳ ಹಿಂದೆ ಓಡಾಡುವಾಗ ಮನೆಗೆಲಸ ನೋಡಿಕೊಂಡ ಹೆಣ್ಣುಮಗಳು. ಸರ್ಕಾರಿ ಸೀಟು ಅಂದಿರಿ. ಅದರ ಖರ್ಚಿನ ದೊಡ್ಡ ಭಾಗ ಜನರ ತೆರಿಗೆಯಿಂದ ಬರುತ್ತದೆ. ಸವದತ್ತಿ ಸಂತೆಯಲ್ಲಿ ಒಂದು ಸೋಪು ಕೊಳ್ಳುವ ಮುದುಕಿಗೂ ಅದರಲ್ಲಿ ಪಾಲಿದೆ. ಆಕೆಯ ಆಯ ಏನು? ಮುಂದೆ ಡಾಕ್ಟರಾದಾಗ ಆಕೆ ಎದುರು ಕೂತಾಗ ಮುಖ ಎತ್ತಿ ನೋಡಿ ಮಾತಾಡಿಸುವುದು. ಮಗಳಿಗೆ ಇದನ್ನು ತಿಳಿಸಿ ಹೇಳಿರಿ, ದೇವರ ಮಾತು ಕೇಳದಿದ್ದರೂ ಈ ಮಾತು ಕೇಳುತ್ತಾಳೆ. ನಾನೇ ಮಾಡಿದೆ ಅನ್ನುವುದು ಇಷ್ಟು ಜನರನ್ನು ಎಣಿಸುವಷ್ಟರಲ್ಲಿ ತಾನಾಗಿ ಮೆತ್ತಗಾಗುತ್ತದೆ.

ನಮ್ಮ ಕಸುಬಿನವರಿಗೂ ಒಂದು ಮಾತು. ಮಗುವಿಗೆ ಪಾಸಾದ ಕೂಡಲೇ ‘ಗುರುಬಲ ಇದೆ ಅಂತ ನಾನು ಹೇಳಿರಲಿಲ್ವೇ’ ಅನ್ನುವ ಜ್ಯೋತಿಷಿ ಕೂಡ ಕಣಕ್ಕೆ ಚೀಲ ಹಿಡಿದು ಬಂದವನೇ. ಜಾತಕ ಕಾಲ ಹೇಳುತ್ತದೆ, ಪುಸ್ತಕ ತೆರೆಯುವುದಿಲ್ಲ.

ಮೂರನೆಯ ಗಂಟು, ನಾದಿನಿಯ ಮಗ. ನಿಜ ಹೇಳುತ್ತೇನೆ ತಾಯಿ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂಡಿಸಿದ್ದು ಇವನ ಸುದ್ದಿಯೇ. ಒಬ್ಬಳೇ ಅಜ್ಜಿ, ಒಬ್ಬಳೇ ದೇವಿ, ಎರಡು ಹರಕೆ. ಒಂದು ಫಲಿಸಿತು, ಒಂದು ಫಲಿಸಲಿಲ್ಲ. ಸೀಟು ಕೊಟ್ಟವಳು ಎಲ್ಲಮ್ಮ ಅಂದರೆ, ಇವನಿಗೆ ಕೊಡದವಳೂ ಎಲ್ಲಮ್ಮನೇ ಅಂತ ಆ ಹುಡುಗನ ಕಿವಿಗೆ ಕೇಳಿಸುತ್ತದೆ. ನೀವು ಅನ್ನದಿದ್ದರೂ ಕೇಳಿಸುತ್ತದೆ.

ಲೆಕ್ಕ ನೋಡಿರಿ. 2024ರಲ್ಲಿ ನೀಟ್ ಬರೆದ ಮಕ್ಕಳು 23 ಲಕ್ಷಕ್ಕೂ ಹೆಚ್ಚು. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಅಷ್ಟೂ ಮನೆಗಳಲ್ಲಿ ಯಾರಾದರೊಬ್ಬರು ಯಾವುದಾದರೊಂದು ದೇವರಿಗೆ ಕೈ ಮುಗಿದೇ ಇರುತ್ತಾರೆ. ಹರಕೆಯೇ ಸೀಟು ಕೊಡುವುದಾದರೆ 23 ಲಕ್ಷ ಸೀಟು ಬೇಕಾಗುತ್ತಿತ್ತು. ಸಿಗದ ಇಪ್ಪತ್ತೆರಡು ಲಕ್ಷ ಮನೆಗಳಲ್ಲಿ ಭಕ್ತಿ ಕಡಿಮೆ ಇತ್ತು ಅಂತ ಹೇಳುವ ಧೈರ್ಯ ಯಾರಿಗಿದೆ?

ಫಲದಿಂದ ಕೃಪೆ ಅಳೆಯಬಾರದು ಅನ್ನುವುದಕ್ಕೆ ನಿಮ್ಮ ಊರೇ ಸಾಕ್ಷಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಕಂಪನಿ ಸರ್ಕಾರದ ಪಡೆಯನ್ನು ಸೋಲಿಸಿತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ. ಅದೇ ವರ್ಷ ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು, 1829ರಲ್ಲಿ ಅಲ್ಲೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಅಕ್ಟೋಬರಿನ ಗೆಲುವು ದೇವರ ಕೃಪೆ ಅಂದರೆ ಡಿಸೆಂಬರಿನಲ್ಲಿ ದೇವರು ಎಲ್ಲಿ ಹೋಗಿದ್ದ? ಎರಡು ತಿಂಗಳಲ್ಲಿ ರಾಣಿಯ ಭಕ್ತಿ ಕರಗಿತೇ? ಹಾಗೆ ಯಾರೂ ಅನ್ನುವುದಿಲ್ಲ. ಬೈಲಹೊಂಗಲದ ಸಮಾಧಿಗೆ ಮಾಲೆ ಹಾಕುವ ಜನ ಸೋತವಳಿಗೆ ಹಾಕುತ್ತಿದ್ದೇವೆ ಅಂದುಕೊಂಡು ಹಾಕುವುದಿಲ್ಲ. ಆಕೆ ಏನು ಮಾಡಿದಳೋ ಅದಕ್ಕೆ ಕೈ ಮುಗಿಯುತ್ತಾರೆ, ಏನು ಸಿಕ್ಕಿತೋ ಅದಕ್ಕಲ್ಲ.

ಕೆಲವರು ಹುಡುಗನ ಪೂರ್ವಕರ್ಮ ಅಂದುಬಿಡುತ್ತಾರೆ. ಕರ್ಮಸಿದ್ಧಾಂತವನ್ನು ನಾನೂ ನಂಬಿದವನೇ. ಆದರೆ ಅದು ನಮ್ಮ ಮುಖ ನಾವು ನೋಡಿಕೊಳ್ಳುವ ಕನ್ನಡಿ. ಇನ್ನೊಬ್ಬರ ಮನೆಯ ದುಃಖ ನೋಡಲು ಅದನ್ನು ದುರ್ಬೀನು ಮಾಡಿಕೊಳ್ಳಬಾರದು. ಅವನಿಗೆ ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಅಂಕದ ಕಾರಣ ಇದೆ, ಅದು ಗೊತ್ತಿದೆ. ಅದರಾಚೆಯ ಕಾರಣ ಹೇಳುವ ಅಧಿಕಾರ ನಮಗಿಲ್ಲ.

ಹಾಗಾದರೆ ದೇವರಿಗೆ ಕೃತಜ್ಞತೆ ಯಾತಕ್ಕೆ? ಇಲ್ಲೇ ನೋಡಿರಿ ಮೂರೂ ಗಂಟು ಬಿಚ್ಚುವ ತುದಿ. ರ್‍ಯಾಂಕಿಗಾಗಿ ನಮಸ್ಕಾರ ಹಾಕಿದರೆ ಮಗಳೊಬ್ಬಳೇ ಹಾಕಬಹುದು, ಹುಡುಗ ಹೊರಗೆ ನಿಲ್ಲಬೇಕು. ಓದುವ ಬುದ್ಧಿ, ನೆಟ್ಟಗಿರುವ ಮೈ, ಕಾಯುವ ತಾಯಿ, ತಮಗಾಗಿ ಬೇಡಿಕೊಳ್ಳುವ ಅಜ್ಜಿ, ಇವುಗಳಿಗಾಗಿ ನಮಸ್ಕಾರ ಹಾಕಿದರೆ ಇಬ್ಬರೂ ಹಾಕಬಹುದು. ಇವು ಇಬ್ಬರಿಗೂ ಸಿಕ್ಕಿವೆ. ಅಗ್ನಿಗೆ ಸುಡುವ ಶಕ್ತಿ ಬಂದಂತೆ, ಮಾಡಿ ಗಳಿಸಿದ್ದಲ್ಲದೆ ಬಂದಿವೆ. ದೇವರಿಗೆ ಸಲ್ಲುವ ಹಿರಿಮೆ ಇದು. ಪಟ್ಟಿಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಅನ್ನುವುದನ್ನು ಆ ತಾಯಿಯ ತಲೆಗೆ ಕಟ್ಟಬೇಡಿರಿ.

ಇದಕ್ಕೆ ಒಂದು ಮಾದರಿ ಬೇಕೆಂದರೆ ರಾಮದುರ್ಗದ ಕಡೆ ಸುರೇಬಾನದ ಹತ್ತಿರ ಶಬರಿಕೊಳ್ಳ ಇದೆಯಲ್ಲ, ಶಬರಿ ರಾಮನಿಗಾಗಿ ಕಾದ ಜಾಗ ಅಂತ ಜನ ನಂಬುವ ಕೊಳ್ಳ. ವಾಲ್ಮೀಕಿ ರಾಮಾಯಣದಲ್ಲಿ ರಾಮ ಬಂದು ನಿಂತಾಗ ಆಕೆ ಏನನ್ನುತ್ತಾಳೆ ಗೊತ್ತೇ? ನಿನ್ನ ದರ್ಶನದಿಂದ ನನ್ನ ತಪಸ್ಸು ಫಲಿಸಿತು, ಗುರುಗಳಿಗೆ ಮಾಡಿದ ಸೇವೆ ಸಾರ್ಥಕವಾಯಿತು ಅನ್ನುವ ಅರ್ಥದಲ್ಲಿ ಮಾತಾಡುತ್ತಾಳೆ. ತಪಸ್ಸು ನನ್ನದು ಅಂತ ಹೇಳಲು ಆಕೆಗೆ ನಾಚಿಕೆ ಇಲ್ಲ. ಗುರುಗಳನ್ನು ಮರೆತಿಲ್ಲ. ಬಂದವನು ರಾಮ, ತನ್ನ ತಪಸ್ಸಿನ ಕೂಲಿಯಲ್ಲ ಅನ್ನುವುದನ್ನೂ ಬಲ್ಲಳು. ಒಂದೇ ಉಸಿರಿನಲ್ಲಿ ಮೂರೂ ಇವೆ. ನಿಮ್ಮ ಮಗಳಿಗೂ ಅತ್ತೆಯವರಿಗೂ ಈ ಶಬರಿಯನ್ನು ಓದಿ ಹೇಳಿರಿ.

ಇನ್ನು ಮಾಡುವ ವಿಧಾನ.

ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಗುಡ್ಡದಲ್ಲಿ ಜನಸಾಗರ ಇರುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಬೇರೆ ಮಂಗಳವಾರ ಇಲ್ಲವೆ ಶುಕ್ರವಾರ ನೋಡಿಕೊಳ್ಳಿರಿ. ಸಂಕಲ್ಪ ಅತ್ತೆಯವರ ಹೆಸರಿನಲ್ಲಿ ಆಗಲಿ. ಮೊಮ್ಮಗಳ ಸೀಟು ಸಿಕ್ಕಿದ್ದಕ್ಕೆ ಅಂತ ಹೇಳಿಸಬೇಡಿರಿ. ಮೊಮ್ಮಕ್ಕಳಿಬ್ಬರ ಆಯುಷ್ಯ, ಆರೋಗ್ಯ, ಸದ್ಬುದ್ಧಿಗಾಗಿ ಅಂತ ಹೇಳಿಸಿರಿ. ಹುಡುಗನ ಸಲುವಾಗಿ ಹೊತ್ತ ಹರಕೆ ಸೀಟು ಸಿಕ್ಕರೆ ಅನ್ನುವ ಷರತ್ತಿನದು. ಷರತ್ತು ಕೂಡಿಬರಲಿಲ್ಲ, ಆದ್ದರಿಂದ ತೀರಿಸುವ ಋಣ ಇಲ್ಲ. ಆದರೂ ಅವನ ಹೆಸರು ಆ ಸಂಕಲ್ಪದಲ್ಲಿ ಇರಬೇಕು ಅಂತ ನನ್ನ ಅಭಿಪ್ರಾಯ. ಪಡ್ಡಲಗಿಗೆ ಹೋಳಿಗೆ, ಕಡಬು, ಪಲ್ಯ ಅಲ್ಲೇ ಅಡುಗೆ ಮಾಡಿ ತುಂಬಿಸಿ, ಹಸಿದು ಬಂದವರಿಗೆ ಹೊಟ್ಟೆ ತುಂಬ ಬಡಿಸಿರಿ. ಭಂಡಾರ ತಂದ ಮೇಲೆ ಮೊದಲು ನಾದಿನಿಯ ಮನೆಗೆ ಹೋಗಿ ಅವನ ಹಣೆಗೆ ಹಚ್ಚಿರಿ. ಅಲ್ಲಿ ಸೀಟಿನ ಸುದ್ದಿ ಎತ್ತಬೇಡಿರಿ.

ಮಗಳು ಗುಡ್ಡಕ್ಕೆ ಬರಲೇಬೇಕೆಂದು ಹಟ ಬೇಡ. ಬಂದರೆ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಹತ್ತಿಸುವ ಮೊಮ್ಮಗಳಾಗಿ ಬರಲಿ, ಹರಕೆಯ ಸಾಮಾನಾಗಿ ಬೇಡ. ಗುಡ್ಡಕ್ಕೆ ಬಾರದಿದ್ದರೂ ಅಜ್ಜಿಗೆ ಒಂದು ನಮಸ್ಕಾರ ಮಾಡಲಿ. ಅವಳು ಪುಸ್ತಕದ ಮುಂದೆ ಕೂತ ಅಷ್ಟೂ ರಾತ್ರಿ ಇನ್ನೊಂದು ಕೋಣೆಯಲ್ಲಿ ಒಬ್ಬಾಕೆ ಅವಳ ಹೆಸರು ಹಿಡಿದು ದೇವರನ್ನು ಕರೆಯುತ್ತಿದ್ದಳು. ಆ ಕರೆ ಅಂಕ ಕೊಟ್ಟಿತೋ ಇಲ್ಲವೋ, ಪ್ರೀತಿ ಅಂತೂ ಸುಳ್ಳಲ್ಲ. ಅದಕ್ಕೊಂದು ನಮಸ್ಕಾರ ಸಲ್ಲುತ್ತದೆ.

ಯಾರ ಕಡೆ ನಿಲ್ಲಲಿ ಅಂತ ಕೇಳಿದ್ದೀರಿ. ಹರಕೆ ತೀರಿಸುವಾಗ ಅತ್ತೆಯವರ ಜೊತೆ ನಿಲ್ಲಿರಿ, ಮಗಳ ಮೈ ಮೇಲೆ ಹರಕೆ ಬಂದಾಗ ಮಗಳ ಜೊತೆ ನಿಲ್ಲಿರಿ, ಹಬ್ಬದ ದಿನ ನಾಲ್ಕು ಜನ ಸೀಟಿನ ಮಾತು ಆಡುವಾಗ ಆ ಹುಡುಗನ ಪಕ್ಕದಲ್ಲಿ ಕೂಡಿರಿ. ಮನೆಯ ಗೃಹಿಣಿಗೆ ಒಂದೇ ಕಡೆ ಇರಬೇಕೆಂಬ ನಿಯಮ ಇಲ್ಲ.

ಜಗದಂಬೆ ನಿಮ್ಮ ಮನೆಯ ಎಲ್ಲರಿಗೂ ಒಳಿತು ಮಾಡಲಿ. ಶುಭಂ ಭವತು.